ಮೈ ಹಿಡಿದ ಕೂಸು, ಬಾರದ ಆನೆ

ಉಪಕೇಂದ್ರದ ಕೆಲಸಕ್ಕೆ ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ಒಂದು ಚೀಲ, ಒಂದು ತಕ್ಕಡಿ, ಎತ್ತರ ಅಳೆಯುವ ಒಂದು ಪಟ್ಟಿ ಮತ್ತು ಒಂದು ಕಟ್ಟು ಕರಪತ್ರ ಕೊಡುತ್ತಾರೆ. ಚೀಲವನ್ನು ಜೋಪಾನ ಮಾಡಿ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿ ನಿಂತಿದೆಯೇ ಎಂದು ಪ್ರತಿಸಲವೂ ನೋಡಿ. ಕರಪತ್ರವನ್ನು ಮಾತ್ರ ಓದಿದ ಕೂಡಲೇ ನಂಬಬೇಡಿ. ಆಲೂರು, ಸಕಲೇಶಪುರದ ಹಳ್ಳಿಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಆರೋಗ್ಯ ಸಹಾಯಕಿಯಾಗಿ ಓಡಾಡಿ ನಿವೃತ್ತಳಾದವಳು ನಾನು. ನನ್ನ ಓದು ಹತ್ತನೆಯ ತರಗತಿ ಮತ್ತು ಆಮೇಲಿನ ತರಬೇತಿ, ಅಷ್ಟೇ. ಉಳಿದದ್ದನ್ನು ವೈದ್ಯ ವಿದ್ಯಾರ್ಥಿಗಳು ಬಿಟ್ಟುಹೋದ ಹಳೆಯ ಪುಸ್ತಕಗಳಿಂದ, ಭಾನುವಾರದ ಮಧ್ಯಾಹ್ನಗಳಲ್ಲಿ, ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕಲಿತೆ. ಹೀಗೆ ಕಲಿತವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ "ನಿಮಗೆ ಹೇಗೆ ಗೊತ್ತು?" ಎಂದು ಕೇಳುವುದು. ಆ ಅಭ್ಯಾಸದಿಂದ ನಾನು ಬೈಸಿಕೊಂಡದ್ದು ಬಹಳ. ಒಂದೇ ಒಂದು ಸಲ ಅದು ಒಂದು ಹುಡುಗಿಯ ಕೆಲಸಕ್ಕೆ ಬಂತು. ಆ ಸಂಗತಿಯನ್ನು ಬರೆದಿಡುವುದಕ್ಕೇ ಈಗ ಕುಳಿತಿದ್ದೇನೆ. ಆದರೆ ಅದಕ್ಕೆ ಹೋಗುವ ದಾರಿ ನನ್ನದೇ ತಪ್ಪುಗಳ ಮೇಲೆ ಹಾಯ್ದು ಹೋಗುತ್ತದೆ.

ನನ್ನನ್ನು ಮೊದಲು ಹಾಕಿದ್ದು ಬಿಸಿಲೆಯ ಕಡೆಗೆ. ಆಗ ಮಕ್ಕಳ ತೂಕದ ವಿಷಯದಲ್ಲಿ ನಮಗಿದ್ದದ್ದು ಒಂದೇ ಭಯ, ಅದು ಇಳಿಯುವ ಭಯ. ಗಡಿಯಾರದಂತಹ ಮುಖವಿದ್ದ ತೂಗುತಕ್ಕಡಿಯನ್ನು ಹಲಸಿನ ಕೊಂಬೆಗೆ ಕಟ್ಟಿ, ಕೊಕ್ಕೆಗೆ ಬಟ್ಟೆಯ ಜೋಲಿ ಸಿಕ್ಕಿಸಿ, ಕೂಸನ್ನು ಅದರಲ್ಲಿ ಕೂರಿಸುತ್ತಿದ್ದೆವು. ಕೂಸು ಒದ್ದಾಡಿದರೆ ಮುಳ್ಳೂ ಒದ್ದಾಡುತ್ತಿತ್ತು. ಒಬ್ಬ ತಾಯಿ ಮೂರು ತಿಂಗಳು ಸತತವಾಗಿ ನನ್ನ ಮೆಚ್ಚುಗೆ ಪಡೆದಳು. ಅವಳ ಮಗನ ತೂಕದ ಗೆರೆ ಬೆಳವಣಿಗೆಯ ಪಟ್ಟಿಯಲ್ಲಿ ಚೆನ್ನಾಗಿ ಏರುತ್ತಿತ್ತು. ನಾಲ್ಕನೆಯ ತಿಂಗಳು, ಸೆಕೆಯಾಗುತ್ತದೆಂದು ಕೂಸಿಗೆ ಸುತ್ತಿದ್ದ ಕಂಬಳಿಯನ್ನು ನಾನೇ ಬಿಚ್ಚಿದೆ. ಏರಿಕೆಯೆಲ್ಲ ಕಂಬಳಿಯದೆಂದು ಆಗ ತಿಳಿಯಿತು. ಪ್ರತಿ ತಿಂಗಳೂ ಒಂದೊಂದು ಸುತ್ತು ಹೆಚ್ಚು ಸುತ್ತಿ ತಂದಿದ್ದಳು. ಬೈದೆ. ಅವಳು ತಲೆ ತಗ್ಗಿಸಲಿಲ್ಲ.

"ಕಮ್ಮಿ ಆದ್ರೆ ಎಲ್ರ ಮುಂದೆ ಬೈತೀರಲ್ಲ ನರ್ಸಮ್ಮ, ಅದ್ಕೇ ಸುತ್ಕೊಂಡ್ ಬಂದೆ" ಎಂದಳು.

ತಕ್ಕಡಿಗೆ ಹೆದರಿದವರು ಅದಕ್ಕೆ ಬೇಕಾದ ಸುಳ್ಳನ್ನು ಹೇಳುತ್ತಾರೆ ಎಂಬ ಪಾಠದ ಅರ್ಧವನ್ನು ಆ ದಿನ ಕಲಿತೆ. ಉಳಿದರ್ಧಕ್ಕೆ ನನ್ನ ಸೇವೆಯ ಕೊನೆಯ ವರ್ಷ ಬರಬೇಕಾಯಿತು.

ನಮ್ಮ ಕಡೆ ಬಾಣಂತಿಯ ಮನೆಗೆ ಬಂದವರು ಮೊದಲು ಕೇಳುವ ಮಾತು, "ಕೂಸು ಮೈ ಹಿಡಿದೈತಾ?" ಎಂಬುದು. ಹಿಡಿದಿದ್ದರೆ ತಾಯಿಗೆ ಮಾನ. ಇಲ್ಲವಾದರೆ "ಇಳ್ದೋಗ್ಬುಟ್ಟೈತೆ" ಎಂದು ಲೊಚಗುಟ್ಟುತ್ತಾರೆ. ಒಂದು ಮಾತು ಹೊಗಳಿಕೆಗೆ, ಒಂದು ಮರುಕಕ್ಕೆ. ಮೈ ಹಿಡಿದದ್ದು ಸಾಕು, ಇನ್ನು ನಿಲ್ಲಲಿ ಎನ್ನುವುದಕ್ಕೆ ಮೂರನೆಯ ಮಾತೇ ಇರಲಿಲ್ಲ. "ದಪ್ಪ" ಎಂಬುದೊಂದಿತ್ತು, ಆದರೆ ಅದು ಬೇರೆಯವರ ಮನೆಯ ಮಕ್ಕಳಿಗೆ ಹೇಳುವ ಮಾತು. ನಮ್ಮ ಪಟ್ಟಿಯೂ ಹಾಗೆಯೇ ಇತ್ತು. ಗೆರೆ ಕೆಳಗಿಳಿದರೆ ಏನು ಮಾಡಬೇಕೆಂದು ಪುಟಗಟ್ಟಲೆ ಸೂಚನೆ, ಮೇಲಕ್ಕೆ ಹೋದರೆ ಸುಮ್ಮನೆ ಖಾಲಿ ಕಾಗದ.

ಆ ಖಾಲಿ ಕಾಗದದಲ್ಲಿ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಪಾಳ್ಯ ಹೋಬಳಿಗೆ ವರ್ಗವಾಗಿ ಬಂದು ಕೆಲವು ಕಾಲವಾದ ಮೇಲೆ ಆರೋಗ್ಯವಂತ ಶಿಶು ಸ್ಪರ್ಧೆಯೊಂದನ್ನು ನಡೆಸಿದೆವು. ಲಸಿಕೆಯ ಕಾರ್ಡು, ಶುಚಿತ್ವ, ತೂಕ, ಈ ಮೂರಕ್ಕೂ ಅಂಕಗಳಿದ್ದವು. ಮೊದಲೆರಡರಲ್ಲಿ ಎಲ್ಲ ತಾಯಂದಿರೂ ಸಮವಾಗಿ ನಿಂತದ್ದರಿಂದ ತೀರ್ಪು ತಕ್ಕಡಿಗೆ ಹೋಯಿತು. ಗೆದ್ದದ್ದು ಕಾಡಂಚಿನ ಹಟ್ಟಿಯ ದೇವೀರಮ್ಮನವರ ಮೊಮ್ಮಗಳು, ಹತ್ತು ತಿಂಗಳ ಹರ್ಷಿತಾ. ತೋಳಿಗೆ ಅಲ್ಲಲ್ಲಿ ದಾರ ಕಟ್ಟಿದ ಹಾಗೆ ಮಡಿಕೆ ಬಿದ್ದ ಕೂಸು. ಅದನ್ನು ಎತ್ತಿ ಹಿಡಿದು ನಾನು, "ನೋಡಿ, ಮೈ ಹಿಡಿಯುವುದೆಂದರೆ ಹೀಗೆ" ಎಂದು ಸಭೆಗೆ ಹೇಳಿದೆ. ಮುಚ್ಚಳವಿದ್ದ ಒಂದು ದೊಡ್ಡ ಸ್ಟೀಲ್ ಡಬ್ಬಿಯನ್ನು ಬಹುಮಾನವಾಗಿ ಕೊಟ್ಟೆವು. ಕೂಸು ದುಂಡಗಿದ್ದದ್ದು ತಪ್ಪಲ್ಲ, ಬಹುತೇಕ ಕೂಸುಗಳು ಓಡಾಡುವಾಗ ಕರಗುತ್ತವೆ. ಅದನ್ನು ಬಿರುದು ಮಾಡಿ ಒಂದು ಮನೆಗೆ ಕೊಟ್ಟದ್ದು ನನ್ನ ತಪ್ಪು. ಬಿರುದು ಬಂದ ಮನೆ ಅದನ್ನು ಉಳಿಸಿಕೊಳ್ಳಲು ನೋಡುತ್ತದೆ.

ಕಾಲ ಬದಲಾಯಿತು. ಶಾಲೆಯ ಮಕ್ಕಳ ತಪಾಸಣೆಯಲ್ಲಿ ತೂಕದ ಜೊತೆಗೆ ಎತ್ತರವನ್ನೂ ವಯಸ್ಸನ್ನೂ ಕೂಡಿಸಿ ನೋಡುವ ಪಟ್ಟಿ ಬಂತು. ಪಟ್ಟಿಯ ಮೇಲಂಚಿಗೂ ಬಣ್ಣ ಬಂತು. ಅಲ್ಲಿಯವರೆಗೆ ಖಾಲಿಯಿದ್ದ ಜಾಗದಲ್ಲಿ ಒಂದೊಂದಾಗಿ ಚುಕ್ಕೆಗಳನ್ನು ಇಡತೊಡಗಿದೆ. ನಮ್ಮ ತಾಲ್ಲೂಕಿನ ಡಾಕ್ಟರು ಬೇರೆ ಜಿಲ್ಲೆಯಿಂದ ಬಂದವರು, ಶಿಸ್ತಿನವರು, ಕೈಗೆ ಸಿಕ್ಕ ಕೆಲಸವನ್ನು ಅರ್ಧಕ್ಕೆ ಬಿಟ್ಟವರಲ್ಲ. ಅವರು ಎಲ್ಲ ಆರೋಗ್ಯ ಸಹಾಯಕಿಯರನ್ನೂ ಕೂರಿಸಿಕೊಂಡು ಮಕ್ಕಳ ಬೊಜ್ಜಿನ ಬಗ್ಗೆ ಹೊಸ ಕರಪತ್ರ ಹಂಚಿದರು.

"ಕಾರಣ ಎರಡೇ ಅಮ್ಮಾ. ಬೇಕರಿ ಮತ್ತು ಮೊಬೈಲ್. ಮೊದಲನೆಯದನ್ನು ಬಿಡಿಸಿ, ಎರಡನೆಯದನ್ನು ಕಿತ್ತುಕೊಳ್ಳಿ ಅಂತ ತಾಯಂದಿರಿಗೆ ಹೇಳಿ" ಎಂದರು.

ನಾನು ಎದ್ದು ನಿಂತೆ. ನನ್ನ ರಿಜಿಸ್ಟರಿನಲ್ಲಿ ಬೇರೆಯೇ ಒಂದು ಸಂಗತಿ ಕಾಣುತ್ತಿತ್ತು. ಮಗ್ಗೆಯ ಕಡೆಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿಯಲ್ಲಿ ಎರಡು ಬೇಕರಿಗಳಿದ್ದವು. ಆ ಮಕ್ಕಳಲ್ಲಿ ಪಟ್ಟಿಯ ಮೇಲಂಚು ಮುಟ್ಟಿದವರು ಕಡಿಮೆ. ಒಂದೂ ಅಂಗಡಿಯಿಲ್ಲದ ಕಾಡಂಚಿನ ಹಟ್ಟಿಯ ಮಕ್ಕಳಲ್ಲಿ ಹೆಚ್ಚು.

"ಸರ್, ಬೇಕರಿಯೇ ಕಾರಣವಾದರೆ ಬೇಕರಿ ಇರುವಲ್ಲಿ ಕಡಿಮೆ, ಇಲ್ಲದಿರುವಲ್ಲಿ ಹೆಚ್ಚು ಹೇಗೆ?"

"ಪುಸ್ತಕ ಓದಿ ಡಾಕ್ಟರಾಗಲು ಹೊರಟಿದ್ದೀರಾ ನರ್ಸಮ್ಮ?"

"ಡಾಕ್ಟರಾಗಲಿಕ್ಕಲ್ಲ ಸರ್, ಡಾಕ್ಟರನ್ನು ಕೇಳಲಿಕ್ಕೆ."

ಸಭೆ ನಕ್ಕಿತು. ಅವರು ನಗಲಿಲ್ಲ. "ಹಾಗಾದರೆ ಕಾರಣವನ್ನು ನೀವೇ ಹುಡುಕಿಕೊಂಡು ಬನ್ನಿ" ಎಂದರು. ಚುಚ್ಚಿ ಹೇಳಿದ ಮಾತು ಅದು. ನಾನು ಅದನ್ನು ಆದೇಶವೆಂದು ತೆಗೆದುಕೊಂಡೆ.

ಹುಡುಕುವುದಕ್ಕೆ ಮೊದಲೇ ಕಾರಣ ನನ್ನ ಮುಂದೆ ಬಂದು ನಿಂತಿತು. ನಾನಾಗ ಅದನ್ನು ಗುರುತಿಸಲಿಲ್ಲ, ಅಷ್ಟೆ. ಒಂದು ಬೆಳಿಗ್ಗೆ ಊರ ಶಾಲೆಯಲ್ಲಿ ತಪಾಸಣೆ ನಡೆಸುತ್ತಿದ್ದೆ. ಹಟ್ಟಿಯ ಮಕ್ಕಳನ್ನು ತರುವ ಜೀಪು ಬಂದು ಗೇಟಿನ ಬಳಿ ನಿಂತಿತು. ಇದ್ದಕ್ಕಿದ್ದಂತೆ ಅಂಗಳದಲ್ಲಿ ಹತ್ತಾರು ಮಕ್ಕಳು ಒಟ್ಟಾಗಿ ಕೂಗಿದರು.

"ಆನೆ ಬಂತು, ಆನೆ ಬಂತು!"

ಆ ಮಾತನ್ನು ನಮ್ಮ ಕಡೆ ಯಾರೂ ಎರಡನೆಯ ಸಲ ಕೇಳಲು ನಿಲ್ಲುವುದಿಲ್ಲ. ಮುಖ್ಯೋಪಾಧ್ಯಾಯಿನಿ ಮಕ್ಕಳನ್ನು ಒಳಗೆ ನೂಕಿ ಬಾಗಿಲು ಹಾಕಿದರು. ಪಕ್ಕದ ಎಸ್ಟೇಟಿನಲ್ಲಿ ಕೆಲಸ ನಿಂತಿತು. ಗದ್ದೆಯಲ್ಲಿದ್ದವರು ಬಿದ್ದು ಎದ್ದು ಓಡಿದರು. ಅರಣ್ಯ ಇಲಾಖೆಯವರಿಗೆ ಯಾರೋ ಫೋನು ಮಾಡಿದರು, ಅವರ ಗಾಡಿಯೂ ಬಂತು. ಅವರು ಒಂದು ಗಂಟೆ ಹುಡುಕಿದರು. ಹೆಜ್ಜೆಯಿಲ್ಲ, ಲದ್ದಿಯಿಲ್ಲ, ಮುರಿದ ಒಂದು ಕೊಂಬೆಯಿಲ್ಲ. ಕೊನೆಗೆ ಅವರಲ್ಲೊಬ್ಬ ಕಾವಲುಗಾರ ತರಗತಿಯ ಬಾಗಿಲಲ್ಲಿ ನಿಂತು, "ಯಾರ್ ನೋಡುದ್ರೋ ಆನೇನ? ಎಲ್ಲಿತ್ತು?" ಎಂದು ಕೇಳಿದ.

ಮಕ್ಕಳ ಕಣ್ಣುಗಳು ತಾವಾಗಿಯೇ ಮೂಲೆಯ ಬೆಂಚಿನ ಕಡೆಗೆ ಹೋದವು. ಅಲ್ಲಿ ನಾನು ಬಹುಮಾನ ಕೊಟ್ಟಿದ್ದ ಅದೇ ಕೂಸು, ಈಗ ಐದನೆಯ ತರಗತಿಯ ಹರ್ಷಿತಾ, ಕುಳಿತಿದ್ದಳು. ದಿನವೂ ಅವಳು ಜೀಪಿನಿಂದ ಇಳಿಯುವಾಗ ಅವಳ ದಪ್ಪ ಮೈ ಕಂಡು ಮಕ್ಕಳು ಪಿಸುಮಾತಿನಲ್ಲಿ ಹೇಳುತ್ತಿದ್ದ ಹಾಸ್ಯವನ್ನು ಅಂದು ಗಟ್ಟಿಯಾಗಿ ಕೂಗಿದ್ದರು. ಕಾವಲುಗಾರನಿಗೆ ಅರ್ಥವಾಯಿತು, ಟೋಪಿ ತೆಗೆದು ಹೊರಟುಹೋದ. ನನಗೂ ಅರ್ಥವಾಯಿತು. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅವಳಿಗೆ.

ಮರುದಿನದಿಂದ ಹರ್ಷಿತಾ ಶಾಲೆಗೆ ಬರಲಿಲ್ಲ.

ಒಂದು ವಾರ ಕಾದು ನಾನು ಹಟ್ಟಿಗೆ ಹೋದೆ. ಅಲ್ಲಿ ಮೊದಲು ಮಾಡಿದ್ದೇ ತಪ್ಪು: ಹೆಗಲ ಮೇಲೆ ತಕ್ಕಡಿಯ ಚೀಲವಿತ್ತು. ಅದನ್ನು ಕಂಡ ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ತಂದೆ ತಾಯಿ ಶುಂಠಿ ಹೊಲದಲ್ಲಿದ್ದರು. ದೇವೀರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರ ಮಂಡಿಗೆ ಪಟ್ಟಿ ಸುತ್ತಿತ್ತು. ಪಕ್ಕದಲ್ಲಿ ಆ ಸ್ಟೀಲ್ ಡಬ್ಬಿ ಇತ್ತು. ಮುಚ್ಚಳ ಅರ್ಧ ತೆರೆದಿತ್ತು, ಒಳಗೆ ಬನ್ನು, ರಸ್ಕು.

"ಬಂದ್ರಾ ನರ್ಸಮ್ಮ? ಮೈ ಹಿಡಿದೈತೆ ಅಂತ ಪ್ರೈಜ್ ಕೊಟ್ಟೋರೂ ನೀವೇ, ಈಗ ಕಮ್ಮಿ ತಿನ್ಸು ಅಂತ ಹೇಳಾಕೆ ಬಂದೋರೂ ನೀವೇ ಅಲ್ವಾ?"

"ಕೊಟ್ಟದ್ದು ನಾನೇ ದೇವೀರಮ್ಮ. ತಪ್ಪು ಮಾಡಿದೆ."

ಈ ಉತ್ತರವನ್ನು ಅವರು ನಿರೀಕ್ಷಿಸಿರಲಿಲ್ಲ. ಸುಲಿಯುವ ಕೈ ನಿಂತಿತು. "ಒಸಿ ಕೂತ್ಕಳಿ" ಎಂದರು.

ಹುಡುಗಿಯ ತಂದೆ ಅವಳನ್ನು ಹಾಸನದ ಹಾಸ್ಟೆಲಿಗೆ ಸೇರಿಸುವ ಯೋಚನೆಯಲ್ಲಿದ್ದಾನೆಂದು ಅವರಿಂದ ತಿಳಿಯಿತು. "ಅಲ್ಲೇನ್ ಇವ್ಳನ್ನ ಅನ್ನೋರು ಇಲ್ವಾ? ಇಲ್ಲಾದ್ರೆ ರಾತ್ರಿ ನಮ್ ಪಕ್ಕ ಮಲ್ಗ್ತಾಳೆ" ಎಂದು ಮುಖ ತಿರುಗಿಸಿಕೊಂಡರು.

ತಕ್ಕಡಿಯನ್ನು ಜಗಲಿಯ ಕೆಳಗಿಟ್ಟು, ಮುಚ್ಚಿದ ಬಾಗಿಲಿಗೆ ಹೇಳಿದೆ: "ಹರ್ಷಿತಾ, ನೀನಾಗಿ ಕೇಳುವ ತನಕ ನಿನ್ನನ್ನು ತೂಗುವುದಿಲ್ಲ. ಇದು ಮಾತು." ಬಾಗಿಲು ತೆರೆಯಲಿಲ್ಲ. ಸರಿ, ಕರಪತ್ರದಲ್ಲಿದ್ದ ಪ್ರಶ್ನೆಯನ್ನು ಬಿಟ್ಟು ಬೇರೊಂದನ್ನು ಅಜ್ಜಿಗೆ ಕೇಳಿದೆ. ಕೂಸು ಏನು ತಿನ್ನುತ್ತದೆ ಎಂದಲ್ಲ, ಶಾಲೆಯಿಂದ ಬಂದ ಮೇಲೆ ಏನು ಮಾಡುತ್ತದೆ ಎಂದು.

"ಏನ್ ಮಾಡ್ತಾಳೆ? ಬಾಗ್ಲು ಹಾಕ್ಕಂಡ್ ಕೂರ್ತೀವಿ. ಹೋದ್ಸಲ ಆನೆ ಈ ಅಂಗಳ್ದಾಗೇ ನಿಂತಿತ್ತು ಕಣವ್ವ, ಬಾಳೆ ಮುರ್ಕಂಡ್ ತಿಂತಾ. ನಮ್ ಕಾಲ್ದಾಗೆ ಇಸ್ಕೂಲಿಗೆ ನಡ್ದೇ ಹೋಯ್ತಿದ್ವಿ, ಈಗ ಮನೆ ಮುಂದ್ಲಿಂದ ಜೀಪು. ಬಂದ್ಮೇಲೆ ಹಿತ್ಲಿಗೂ ಬುಡಾಕಾಗಲ್ಲ. ಸುಮ್ನೆ ಕೂರು ಅಂದ್ರೆ ಕೂಸು ಕೂರ್ತದಾ? ಕೈಗೆ ಏನಾರ ಕೊಡ್ಬೇಕಲ್ಲ."

ಡಾಕ್ಟರಿಗೆ ಹೇಳಬೇಕಾದ ಉತ್ತರ ಅಲ್ಲಿತ್ತು. ಬನ್ನು ಪೇಟೆಯಿಂದ ಜೀಪಿನಲ್ಲಿಯೇ ಬರುತ್ತಿತ್ತು, ನಿಜ. ಆದರೆ ಅದನ್ನು ಮನೆಯೊಳಗೆ ಕರೆದದ್ದು ಆನೆ. ಒಳಗೆ ಕೂರುವುದಕ್ಕೆ ಮಕ್ಕಳಿಗೆ ಕೊಡುವ ಲಂಚ ಅದು.

ಆಗ ಮುಚ್ಚಿದ ಬಾಗಿಲಾಚೆ ಮೊಬೈಲು ಟಿಣ್ ಎಂದಿತು. ಬಾಗಿಲು ಧಡಾರನೆ ತೆರೆಯಿತು. ಹರ್ಷಿತಾ ನನ್ನನ್ನೂ ತಕ್ಕಡಿಯನ್ನೂ ಮರೆತು ಜಗಲಿಯ ಅಂಚಿಗೆ ಬಂದು ನಿಂತಳು.

"ರತ್ನಕ್ಕಾ, ಹಿತ್ಲಿಗೆ ಹೋಗ್ಬೇಡ್ರಿ! ಕೆರೆ ಹಿಂದ್ಲ ತೋಟ್ದಾಗವಂತೆ. ಒಂಟಿ ಅಲ್ಲ, ಗುಂಪು. ಮರಿ ಐತೆ."

ಪಕ್ಕದ ಮನೆಯಿಂದ, "ಮೇಲಕ್ಕೋಯ್ತಾವೋ ಕೆಳಕ್ಕೋ?" ಎಂಬ ದನಿ ಬಂತು.

"ಮೇಲಕ್ಕೇ. ಮರಿ ಇದ್ರೆ ಗದ್ದೆಗಿಳ್ಯಲ್ಲ ಹಗಲೊತ್ನಾಗೆ."

ಆನೆಗಳ ಸುಳಿವನ್ನು ಅರಣ್ಯದವರು ಮೊಬೈಲಿಗೆ ಕಳಿಸುತ್ತಾರೆ. ಅಜ್ಜಿಗೆ ಓದು ಬಾರದು, ತಂದೆ ತಾಯಿ ಹೊಲದಲ್ಲಿರುತ್ತಾರೆ. ಹಟ್ಟಿಯ ಅಷ್ಟೂ ಮನೆಗಳಿಗೆ ಓದಿ ಹೇಳುತ್ತಿದ್ದವಳು ಈ ಹುಡುಗಿ. ಕರಪತ್ರ ಕಿತ್ತುಕೊಳ್ಳಿ ಎಂದ ಮೊಬೈಲು ಇದೇ. ಅದರಲ್ಲಿ ಅವಳು ಬೇರೆಯದನ್ನೂ ನೋಡುತ್ತಿದ್ದಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಅದನ್ನು ಕಿತ್ತುಕೊಳ್ಳುವಂತೆ ಮಾಡಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಯೋಚಿಸುತ್ತೇನೆ.

ಆಮೇಲೆ ಅವಳು ನನ್ನ ಪಕ್ಕ ಕುಳಿತಳು. "ಶಾಲೆಗೆ ಯಾಕೆ ಹೋಗುತ್ತಿಲ್ಲ?" ಎಂದು ಕೇಳಿದೆ.

"ಅವ್ರು ಕೂಗಿದ್ದಕ್ಕೆ ಎಲ್ರೂ ಓಡುದ್ರು ನರ್ಸಜ್ಜಿ. ನಮ್ಮಜ್ಜೀನೂ ಗದ್ದೇಲಿತ್ತು. ಓಡೋಗಿ ಬಿದ್ದು ಮಂಡಿ ತರಚ್ಕಂಡ್ತು." ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಆನೆ ಬಂತು ಅನ್ನೋದನ್ನ ತಮಾಷೆಗೆ ಅನ್ಬಾರ್ದು."

ತನ್ನನ್ನು ಆನೆ ಅಂದರೆಂಬ ನೋವಿಗಿಂತ ಆ ಮಾತನ್ನು ಹಾಳು ಮಾಡಿದರೆಂಬ ಸಿಟ್ಟು ಅವಳಲ್ಲಿ ಹೆಚ್ಚಾಗಿತ್ತು.

ಮುಂದಿನ ಕೆಲಸ ಜೀಪು ಓಡಿಸುವ ಲೋಕೇಶನ ಹತ್ತಿರ. ಹಟ್ಟಿಯಿಂದ ಶಾಲೆಯ ದಾರಿಯಲ್ಲಿ ಮೊದಲ ಭಾಗ ಕಾಡಿನಂಚು ಮತ್ತು ಕಾಫಿ ತೋಟ. ಅಲ್ಲಿ ಹತ್ತು ಅಡಿ ಆಚೆ ಆನೆ ನಿಂತರೂ ಕಾಣದು. ಕಾಲುವೆ ದಾಟಿದ ಮೇಲೆ ಸುಮಾರು ಒಂದು ಮೈಲಿ ಬಟಾಬಯಲಾದ ಗದ್ದೆ. ತೋಟದ ಭಾಗ ಜೀಪಿನಲ್ಲಿಯೇ ಬರಲಿ, ಕಾಲುವೆಯ ಹತ್ತಿರ ಮಕ್ಕಳು ಇಳಿದು ನಡೆಯಲಿ ಎಂದೆ. ಲೋಕೇಶ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಲ್ಲ ಕಣಕ್ಕ, ಊರೆಲ್ಲ ಮಕ್ಳನ್ನ ಹತ್ಸು ಅಂತಾರೆ, ನೀವು ಇಳ್ಸು ಅಂತೀರ. ನಾಳೆ ಆನೆ ಎದುರ್ಗೆ ಬಂದ್ರೆ ಅದನ್ನೂ ತೂಗಿ ಚೀಟಿ ಕೊಟ್ ಕಳಿಸ್ತೀರಾ?"

"ಬರುವ ದಿನ ಇಳಿಸಬೇಡ. ಬಾರದ ದಿನ ಇಳಿಸು."

"ಬರಲ್ಲ ಅಂತ ಹೇಳೋರು ಯಾರು?"

"ದೇವೀರಮ್ಮನ ಮೊಮ್ಮಗಳು."

ಅವನು ನಗುತ್ತಾನೆಂದುಕೊಂಡೆ. ನಗಲಿಲ್ಲ. "ಅವ್ಳು ಹೇಳುದ್ರೆ ಸರಿ. ನಮ್ಮನೇಗೂ ಅವ್ಳೇ ಕೂಗಿ ಹೇಳೋದು" ಎಂದ. ಹಟ್ಟಿಯವರು ಒಪ್ಪಿದರು, ಒಂದು ಷರತ್ತಿನೊಂದಿಗೆ: ದಿನಕ್ಕಿಬ್ಬರು ತಾಯಂದಿರು ಜೊತೆಗಿರಬೇಕು, ಜೀಪು ಹಿಂದೆಯೇ ಬರಬೇಕು. ಸಂಜೆಯೂ ಜೀಪನ್ನು ಒಂದು ಗಂಟೆ ತಡವಾಗಿ ಹೊರಡಿಸಿ, ಆ ಹೊತ್ತನ್ನು ಊರ ನಡುವಿನ ಶಾಲೆಯ ಬಯಲಿನಲ್ಲಿ ಆಟಕ್ಕೆ ಬಿಡಲು ಮುಖ್ಯೋಪಾಧ್ಯಾಯಿನಿಯವರನ್ನು ಒಪ್ಪಿಸಿದೆ. ಕೂಗಿದ ಮಕ್ಕಳಿಂದ ಸಭೆಯಲ್ಲಿ ಕ್ಷಮೆ ಕೇಳಿಸುವೆನೆಂದು ಅವರು ಹೇಳಿದಾಗ ಬೇಡವೆಂದೆ. ಕ್ಷಮೆ ಕೇಳಲು ಆ ಮಾತನ್ನು ಇನ್ನೊಮ್ಮೆ ಆಡಬೇಕಾಗುತ್ತದೆ.

ಇಷ್ಟಾದರೂ ಹುಡುಗಿ ಬರುತ್ತಾಳೆಂದು ನನಗೆ ನಂಬಿಕೆ ಇರಲಿಲ್ಲ. ಮೊದಲ ದಿನ ಬೆಳಿಗ್ಗೆ ಕಾಲುವೆಯ ಕಟ್ಟೆಯ ಮೇಲೆ ಕಾದು ನಿಂತೆ. ಜೀಪು ಬಂದು ನಿಂತಿತು. ಒಬ್ಬೊಬ್ಬರಾಗಿ ಮಕ್ಕಳು ಇಳಿದರು. ಅವಳು ಕಾಣಲಿಲ್ಲ. ಅಷ್ಟರಲ್ಲಿ ಮುಂದಿನ ಸೀಟಿನಿಂದ ಬಗಲಲ್ಲಿ ಚೀಲ, ಕೈಯಲ್ಲಿ ಅಮ್ಮನ ಮೊಬೈಲು ಹಿಡಿದು ಹರ್ಷಿತಾ ಇಳಿದಳು. ಬಯಲನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದಳು. "ಗುಂಪು ಮೇಲ್ಗಡೆ ಐತೆ, ಹೋಗನ" ಎಂದು ಹೇಳಿ, ಮೊಬೈಲನ್ನು ಜೊತೆಗಿದ್ದ ತಾಯಿಯೊಬ್ಬಳ ಕೈಗಿತ್ತು ಮುಂದೆ ನಡೆದಳು. ಲೋಕೇಶ ಮೊದಲ ಗೇರಿನಲ್ಲಿ ಹಿಂದೆ ಬಂದ. ದೂರದಿಂದ ನೋಡಿದವರಿಗೆ ಮದುವೆಯ ದಿಬ್ಬಣದಂತೆ ಕಂಡಿರಬೇಕು. ಮೊದಲ ವಾರ ಅವಳು ನಡುವೆ ಎರಡು ಸಲ ಕುಳಿತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಎಲ್ಲರೂ ನಿಲ್ಲುತ್ತಿದ್ದರು. ದಾರಿ ಹೇಳುವವಳು ಕುಳಿತ ಮೇಲೆ ಬೇರೆಯವರು ಮುಂದೆ ಹೋಗುವುದಾದರೂ ಹೇಗೆ?

ಡಬ್ಬಿಯ ಬಗ್ಗೆ ನಾನು ದೇವೀರಮ್ಮನಿಗೆ ಒಂದು ಮಾತನ್ನೂ ಹೇಳಲಿಲ್ಲ. ತಿಂಗಳು ಕಳೆದು ಹೋದಾಗ ಅವರೇ ದೂರಿದರು. "ಆಟ ಆಡ್ಕಂಡ್ ಬಂದೋಳು ಸೀದಾ ಊಟಕ್ಕೇ ಕೂರ್ತಾಳೆ. ಮುದ್ದೆ ಸಾರು ಕೇಳ್ತಾಳೆ. ಬನ್ನು ಬೂಸ್ಲು ಹಿಡೀತು ಕಣವ್ವ, ಕೋಳಿಗ್ ಹಾಕ್ದೆ."

"ಕೋಳಿ ಮೈ ಹಿಡಿದಾವು, ನೋಡಿಕೊಳ್ಳಿ" ಎಂದೆ. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಆ ಮಾತಿಗೆ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ನನ್ನ ಸೇವೆಯ ಕೊನೆಯ ವಾರ ಹರ್ಷಿತಾ ಉಪಕೇಂದ್ರಕ್ಕೆ ತಾನಾಗಿ ಬಂದಳು. "ನರ್ಸಜ್ಜಿ, ತೂಗಿ" ಎಂದಳು. ಬೇರೆಯವರನ್ನು ಹೊರಗೆ ಕಳುಹಿಸಿ ತೂಗಿದೆ. ಶಾಲೆಯ ತಪಾಸಣೆಯಲ್ಲಿ ಬರೆದಿದ್ದ ತೂಕವೇ ಇತ್ತು, ಒಂದಿಷ್ಟೂ ಇಳಿದಿರಲಿಲ್ಲ. ಅವಳ ಮುಖ ಬಾಡಿತು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದೆ, ಎರಡು ಬೆರಳು ಬೆಳೆದಿದ್ದಳು. ಪಟ್ಟಿಯಲ್ಲಿ ಚುಕ್ಕೆ ಇಟ್ಟು ತೋರಿಸಿದೆ. ಬೆಳೆಯುವ ಮಗುವಿನ ತೂಕ ನಿಂತಲ್ಲಿ ನಿಂತು ಎತ್ತರ ಮುಂದೆ ಹೋದರೆ ಚುಕ್ಕೆ ತಾನಾಗಿ ಕೆಳಗೆ ಬರುತ್ತದೆ. ಅವಳು ಆ ಚುಕ್ಕೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

ಡಾಕ್ಟರಿಗೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಅವರು ಮೊದಲೇ ಅವಳ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದರು, ಅದರಲ್ಲಿ ದೋಷವಿರಲಿಲ್ಲ. ನನ್ನ ಮಾತನ್ನು ಅರ್ಧದಲ್ಲಿ ತಡೆಯದೆ ಕೇಳಿ, ವರದಿಯ ನಮೂನೆಯನ್ನು ತಿರುವಿ ಹಾಕಿದರು.

"ಎಲ್ಲ ಸರಿ ನರ್ಸಮ್ಮ. ನಿಮ್ಮ ಆನೆಯನ್ನು ಇದರಲ್ಲಿ ಯಾವ ಕಾಲಮ್ಮಿನಲ್ಲಿ ಬರೆಯಲಿ?"

"'ಇತರೆ' ಅಂತ ಒಂದಿದೆಯಲ್ಲ ಸರ್."

ಅವರು ಆ ದಿನ ನಕ್ಕರು, ಬರೆದೂ ಬರೆದರು.

ಹೊಸದಾಗಿ ಬರುವವರು ಇದನ್ನೂ ಕರಪತ್ರದಂತೆ ನಂಬಬಾರದು. ಅದೇ ಜೀಪಿನಲ್ಲಿ ಬಂದು, ಅದೇ ಬಾಗಿಲುಗಳ ಹಿಂದೆ ಕುಳಿತು ಬೆಳೆದ ಬೇರೆ ಮಕ್ಕಳು ಕಡ್ಡಿಯ ಹಾಗೆಯೇ ಇದ್ದರು. ಅದು ಹೇಗೆಂದು ನನಗೆ ಗೊತ್ತಿಲ್ಲ. ನಿಮ್ಮ ಹಳ್ಳಿಯಲ್ಲಿ ಆನೆಯ ಜಾಗದಲ್ಲಿ ಲಾರಿ ಓಡುವ ಹೆದ್ದಾರಿ ಇರಬಹುದು, ಆಟದ ಬಯಲಿಗೆ ಹಾಕಿದ ಬೇಲಿ ಇರಬಹುದು, ಅಥವಾ ನಿಜವಾಗಿಯೂ ಬೇಕರಿಯೇ ಇರಬಹುದು. ಜಗಲಿಯಲ್ಲಿ ಕುಳಿತು ಕೇಳಿ. ತಕ್ಕಡಿಯನ್ನು ಕೆಳಗಿಡಿ.

ನಿವೃತ್ತಿಯಾದ ಮೇಲೂ ನಾನು ಕೆಲವೊಮ್ಮೆ ಬೆಳಗಿನ ಹೊತ್ತು ಆ ಕಾಲುವೆಯ ಕಡೆಗೆ ನಡೆದುಹೋಗುತ್ತೇನೆ. ಗದ್ದೆಯ ಅಂಚಿನ ಮನೆಗಳವರು ಈಗ ಒಂದು ರೂಢಿ ಮಾಡಿಕೊಂಡಿದ್ದಾರೆ. ಹಟ್ಟಿಯ ಮಕ್ಕಳು ಬರುವ ತನಕ ತಮ್ಮ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಜೀಪು ನಿಲ್ಲದೆ ಮುಂದೆ ಹೋದರೆ ಕಾಡಿನಿಂದ ಗುಂಪು ಇಳಿದಿದೆಯೆಂದು ಅರ್ಥ, ಬಾಗಿಲುಗಳು ಮುಚ್ಚಿಯೇ ಇರುತ್ತವೆ. ಮೊನ್ನೆ ಮಂಜು ದಟ್ಟವಾಗಿತ್ತು, ಜೀಪು ನಿಂತದ್ದು ಕಾಣಲಿಲ್ಲ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಮಂಜು ಬಿರಿದು ಗದ್ದೆಯ ನಡುವಿನ ದಾರಿಯಲ್ಲಿ ಮಕ್ಕಳ ಸಾಲು ಕಂಡಿತು. ಅದರ ಮುಂದಿದ್ದವಳನ್ನು ಅಂಚಿನ ಮನೆಯ ಹುಡುಗಿಯೊಬ್ಬಳು ನನಗಿಂತ ಮೊದಲು ಗುರುತಿಸಿ, ಕೇರಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಹರ್ಷಿತಾ ಬಂದ್ಲು ಕಣ್ರೇ, ಆನೆ ಇಲ್ಲ!"

ಒಂದೊಂದಾಗಿ ಬಾಗಿಲುಗಳು ತೆರೆದವು.